ತಿಂಗಳು ನೋಡಬೇಡಿ, ನೀರಿನ ಬಿಸಿ ನೋಡಿ: ಟ್ರೌಟ್ ಮತ್ತು ಬಾಸ್‌ಗೆ ಫ್ಲೈ ಗಾಳ

ಹೊಳೆ ದಂಡೆಗೆ ಹೋದ ತಕ್ಷಣ ನಾನು ರಾಡ್ ಜೋಡಿಸುವುದಿಲ್ಲ. ಜೇಬಿನಲ್ಲಿ ದಾರ ಕಟ್ಟಿದ ಒಂದು ಸಣ್ಣ ಥರ್ಮಾಮೀಟರ್ ಇರುತ್ತದೆ. ಅದನ್ನು ನೆರಳಿರುವ ಕಡೆ ನೀರಿಗೆ ಇಳಿಸಿ, ಒಂದೆರಡು ನಿಮಿಷ ಬಿಟ್ಟು ನೋಡುತ್ತೇನೆ. ಯಾವ ಮೀನು, ಯಾವ ಫ್ಲೈ (ಹುಳದ ಹಾಗೋ ಸಣ್ಣ ಮೀನಿನ ಹಾಗೋ ಕಾಣಲು ಗರಿ, ನೂಲು ಸುತ್ತಿದ ಕೊಕ್ಕೆ), ಎಷ್ಟು ಆಳ ಅನ್ನುವುದೆಲ್ಲ ಆಮೇಲೆ. ಮೀನಿನ ಮೈ ಬಿಸಿ ಏರುವುದೂ ಇಳಿಯುವುದೂ ನೀರಿನ ಜೊತೆಗೇ. ಹಸಿವೂ ಅದರ ಹಿಂದೆಯೇ ಹೋಗುತ್ತದೆ.

ಟ್ರೌಟ್ ತಣ್ಣೀರಿನ ಮೀನು. ನೀರು ಸುಮಾರು 10ರಿಂದ 16 ಡಿಗ್ರಿ ಸೆಲ್ಸಿಯಸ್ ಇದ್ದಾಗ ಚೆನ್ನಾಗಿ ತಿನ್ನುತ್ತದೆ. ಬಾಸ್‌ಗೆ ಅದು ಸಾಲದು, 18 ದಾಟಿದ ಮೇಲೆ ಹುರುಪು ಬರುತ್ತದೆ. ಅಂದರೆ ಒಂದಕ್ಕೆ ಕೆಟ್ಟ ಕಾಲ ಬಂದಾಗ ಇನ್ನೊಂದಕ್ಕೆ ಒಳ್ಳೆಯದು. ಎರಡನ್ನೂ ಕಲಿತುಕೊಂಡರೆ ವರ್ಷದಲ್ಲಿ ಸುಮ್ನೆ ಕೂರುವ ದಿನ ಕಡಿಮೆ.

ಸಾಮಾನಿನ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಟ್ರೌಟ್‌ಗೆ 9 ಅಡಿಯ 5 ವೇಟ್ ರಾಡ್, ಬಾಸ್‌ಗೆ 7 ಅಥವಾ 8 ವೇಟ್. ವೇಟ್ ಅಂದರೆ ಲೈನಿನ ಭಾರದ ನಂಬರ್, ದೊಡ್ಡದಾದಷ್ಟೂ ಲೈನ್ ಭಾರ. ಬಾಸ್‌ಗೆ ಕಟ್ಟುವ ಫ್ಲೈ ದಪ್ಪ, ಗಾಳಿಯನ್ನು ತಡೆಯುತ್ತದೆ, ಅದನ್ನು ಹೊತ್ತೊಯ್ಯಲು ಭಾರದ ಲೈನೇ ಬೇಕು. ಇಲ್ಲಿ ಎಸೆಯುವುದು ಲೈನನ್ನು. ಫ್ಲೈಗೆ ಹೇಳಿಕೊಳ್ಳುವಂಥ ತೂಕವೇ ಇಲ್ಲ, ಅದು ಲೈನಿನ ಬಾಲ ಹಿಡಿದು ಹೋಗುತ್ತದೆ. ಆದ್ದರಿಂದ ರಾಡನ್ನು ಹಿಂದಕ್ಕೆ ತಂದು ನಿಲ್ಲಿಸಿ, ಲೈನ್ ಬೆನ್ನ ಹಿಂದೆ ಪೂರ್ತಿ ಬಿಚ್ಚಿಕೊಳ್ಳುವವರೆಗೆ ಕಾಯಿರಿ. ಬೇಕಾದರೆ ತಿರುಗಿ ನೋಡಿ, ನಾಚಿಕೆ ಏನಿಲ್ಲ. ಲೈನ್ ನೇರವಾದ ಮೇಲೆ ಮುಂದಕ್ಕೆ ಬಿಡಿ. ಹೊಸಬರ ತೊಂದರೆಗಳಲ್ಲಿ ಮುಕ್ಕಾಲು ಪಾಲು ಈ ಕಾಯುವಿಕೆಯಲ್ಲೇ ಇದೆ.

ವಸಂತದಲ್ಲಿ ಟ್ರೌಟ್ ಹೊಳೆಗೆ ಜೀವ ಬರುತ್ತದೆ. ಮೇಫ್ಲೈ ಅನ್ನುವ ಹುಳದ ಮರಿಗಳು ತಳದ ಕಲ್ಲುಗಳಲ್ಲಿ ಬೆಳೆಯುತ್ತವೆ. ದಿನ ಬಂದಾಗ ಮೇಲಕ್ಕೆ ತೇಲಿ ಬಂದು ಪೊರೆ ಬಿಟ್ಟು ಹಾರುತ್ತವೆ. ಸಣ್ಣ ಹಸಿರುಗಂದು ಮೇಫ್ಲೈಗಳಿಗೆ ಮೋಡ ಕವಿದ, ತುಸು ತುಂತುರಿನ ದಿನ ಇಷ್ಟ. ಜನ ಮನೆಯಲ್ಲೇ ಉಳಿಯುವ ಅಂಥ ದಿನವೇ ನನಗೂ ಬೇಕು.

ಫ್ಲೈ ಎಸೆಯುವ ಮೊದಲು ಮೀನು ಹೇಗೆ ತಿನ್ನುತ್ತಿದೆ ನೋಡಿ. ಮೂತಿ ಮೇಲೆ ಬಂದು, ಉಂಗುರದ ನಡುವೆ ಒಂದು ಗುಳ್ಳೆ ಉಳಿದರೆ ಅದು ನೀರಿನ ಮೇಲಿನ ಹುಳವನ್ನೇ ನುಂಗಿದೆ. ಜೊತೆಗೆ ಒಂದಿಷ್ಟು ಗಾಳಿಯನ್ನೂ ನುಂಗಿತು, ಆ ಗಾಳಿಯೇ ಗುಳ್ಳೆ. ಆಗ ಆಡಮ್ಸ್‌ನಂಥ ಡ್ರೈ ಫ್ಲೈ ತೇಲಿಬಿಡಿ. ಬರೀ ಬೆನ್ನೋ ಬಾಲವೋ ಕಂಡು ಗುಳ್ಳೆ ಇಲ್ಲದಿದ್ದರೆ, ಮೇಲೇಳುತ್ತಿರುವ ಹುಳವನ್ನು ನೀರಿನ ಪದರದ ಕೆಳಗೇ ಹಿಡಿಯುತ್ತಿದೆ. ಡ್ರೈ ಫ್ಲೈಯನ್ನು ಎಷ್ಟು ಚೆನ್ನಾಗಿ ಎಸೆದರೂ ಅದು ತಿರುಗಿ ನೋಡುವುದು ಕಷ್ಟ. ಅರ್ಧ ಮುಳುಗುವ ಫ್ಲೈ ಕಟ್ಟಿ.

ಮೇಲೆ ಏನೂ ಕಾಣದಿದ್ದರೆ ತಳಕ್ಕೆ ಹೋಗಿ. ಫೆಸೆಂಟ್ ಟೇಲ್ ಅಥವಾ ಹೇರ್ಸ್ ಇಯರ್ ನಿಂಫ್, ಅಂದರೆ ಮರಿಹುಳದ ಹಾಗಿರುವ ಮುಳುಗುವ ಫ್ಲೈ ಕಟ್ಟಿ, ಅದರ ಮೇಲೆ ನೀರಿನ ಆಳದ ಒಂದೂವರೆ ಪಟ್ಟು ದೂರದಲ್ಲಿ ಒಂದು ತೇಲುಬುಂಡೆ. ನಿಮಗೂ ಫ್ಲೈಗೂ ನಡುವೆ ಜೋರು ಸೆಳವಿದ್ದರೆ ಲೈನಿನ ಹೊಟ್ಟೆ ಕೆಳಕ್ಕೆ ಬಾಗಿ ಫ್ಲೈಯನ್ನು ಎಳೆದುಕೊಂಡು ಹೋಗುತ್ತದೆ. ನಿಜವಾದ ಹುಳ ಹಾಗೆ ಓಡುವುದಿಲ್ಲ, ಟ್ರೌಟ್‌ಗೆ ಅದು ಗೊತ್ತು. ರಾಡಿನ ತುದಿಯಿಂದ ಆ ಬಾಗಿದ ಭಾಗವನ್ನಷ್ಟೇ ಎತ್ತಿ ಹರಿವಿನ ಮೇಲ್ದಿಕ್ಕಿಗೆ ಹಾಕಿ, ತೇಲುಬುಂಡೆ ಅಲುಗದ ಹಾಗೆ. ಬುಂಡೆ ಮುಳುಗಲೇಬೇಕು ಅಂತ ಕಾಯಬೇಡಿ. ತುಸು ತಡವರಿಸಿದರೂ ರಾಡ್ ಎತ್ತಿ. ಹತ್ತರಲ್ಲಿ ಎಂಟು ಸಲ ಕಲ್ಲೇ ಇರಬಹುದು, ಇರಲಿ.

ಇದೇ ಹೊತ್ತಿಗೆ ಕೆರೆಯಲ್ಲಿ ಬಾಸ್ ದಡದ ಕಡೆ ಬರುತ್ತದೆ. ನೀರು 16-18 ಡಿಗ್ರಿ ಮುಟ್ಟಿದಾಗ ಲಾರ್ಜ್‌ಮೌತ್ ಬಾಸ್ ಗೂಡು ಮಾಡಿ ಮೊಟ್ಟೆ ಇಡುತ್ತದೆ. ಕಾವಲು ಕಾಯುವುದು ಗಂಡು. ಅದರ ಮೂಗಿನ ಮುಂದೆ ಏನು ಬಂದರೂ ಕಚ್ಚುತ್ತದೆ, ಹಿಡಿಯುವುದು ಸುಲಭ. ನಾನು ಹಿಡಿಯುವುದಿಲ್ಲ. ಅದನ್ನು ಎತ್ತಿದ ಸ್ವಲ್ಪ ಹೊತ್ತಿನಲ್ಲೇ ಸಣ್ಣ ಮೀನುಗಳು ಬಂದು ಮೊಟ್ಟೆ ತಿಂದುಹಾಕುತ್ತವೆ. ಗೂಡಿಗೆ ಕೂರುವ ಮುಂಚಿನ ವಾರಗಳಲ್ಲಿ ಆಳ ಇಳಿಯುವ ಅಂಚಿನಲ್ಲಿ ಸಣ್ಣ ಮೀನಿನಂತೆ ಕಾಣುವ ಕ್ಲೌಸರ್ ಮಿನ್ನೋ ಫ್ಲೈ ಎಳೆಯಿರಿ, ಸಾಕಷ್ಟು ಸಿಗುತ್ತವೆ.

ಬೇಸಿಗೆಯಲ್ಲಿ ಥರ್ಮಾಮೀಟರ್ ಮಾತು ಕೇಳಲೇಬೇಕು. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆ. 20 ಡಿಗ್ರಿ ಮುಟ್ಟಿತೋ, ನಾನು ಟ್ರೌಟ್ ಹಿಡಿಯುವುದನ್ನು ನಿಲ್ಲಿಸುತ್ತೇನೆ. ಬಿಟ್ಟ ಮೀನು ಈಜಿಕೊಂಡು ಹೋದಂತೆ ಕಂಡರೂ ಆಮೇಲೆ ಸಾಯಬಹುದು. ಬೆಳಗಿನ ಜಾವ ನೀರು ಇನ್ನೂ ತಣ್ಣಗಿದ್ದಾಗ ದಡದ ಹುಲ್ಲಿನ ಅಂಚಿಗೆ ಮಿಡತೆ ಅಥವಾ ಇರುವೆಯ ಫ್ಲೈ ಹಾಕಿ, ಬಿಸಿಲೇರುವ ಮುಂಚೆ ಹೊಳೆಯಿಂದ ಎದ್ದು ಬಂದುಬಿಡಿ. ಯಾವ ಕಾಲದಲ್ಲೇ ಆಗಲಿ, ಹಿಡಿದು ಬಿಡುವ ಮೀನಿಗಾಗಿ ಕೊಕ್ಕೆಯ ಹಿಮ್ಮುಳ್ಳನ್ನು ಮೊದಲೇ ಒತ್ತಿ ಚಪ್ಪಟೆ ಮಾಡಿರಬೇಕು, ಕೈ ಒದ್ದೆಯಾಗಿರಬೇಕು. ಒಣ ಕೈಗೆ ಮೈಮೇಲಿನ ಲೋಳೆ ಕಿತ್ತುಬರುತ್ತದೆ.

ಸಂಜೆ ಮಾತ್ರ ಬಾಸ್‌ನದು. ನನ್ನನ್ನು ಕೇಳಿದರೆ ಇಡೀ ವರ್ಷದಲ್ಲಿ ಇದಕ್ಕಿಂತ ಮಜಾ ಇನ್ನೊಂದಿಲ್ಲ. ಗಾಳಿ ನಿಂತ ಮೇಲೆ ತಾವರೆ ಎಲೆಗಳ ಸಂದಿಗೆ ಒಂದು ಪಾಪರ್ (ಎಳೆದರೆ ಸದ್ದು ಮಾಡುವ, ತೇಲುವ ಫ್ಲೈ) ಬೀಳಿಸಿ. ಬಿದ್ದ ಉಂಗುರಗಳು ಪೂರ್ತಿ ಮಾಯವಾಗಲಿ. ಮುಟ್ಟಬೇಡಿ. ಆಮೇಲೆ ಲೈನನ್ನು ಒಂದೇ ಸಲ ಗಕ್ಕನೆ ಎಳೆಯಿರಿ, ಅದು 'ಗುಳುಕ್' ಅನ್ನಬೇಕು. ಮತ್ತೆ ಸುಮ್ಮನಿರಿ. ಹೊಡೆತ ಬೀಳುವುದು ಸಾಮಾನ್ಯವಾಗಿ ಈ ಸುಮ್ಮನಿರುವ ಹೊತ್ತಿನಲ್ಲೇ. ನೀರು ಸಿಡಿದಾಗ ರಾಡ್ ಮೇಲೆತ್ತಬೇಡಿ! ಟ್ರೌಟ್ ಹಿಡಿದ ಕೈಗೆ ಇದು ಒಗ್ಗುವುದಿಲ್ಲ, ಅಲ್ವಾ? ರಾಡಿನ ತುದಿ ನೀರಿನ ಕಡೆಗೇ ಇರಲಿ, ಎಡಗೈಯಲ್ಲಿ ಲೈನನ್ನು ಬಲವಾಗಿ ಎಳೆಯಿರಿ. ಕೊಕ್ಕೆ ತಗುಲದಿದ್ದರೂ ಪಾಪರ್ ಅಲ್ಲೇ ಉಳಿಯುತ್ತದೆ, ಬಾಸ್ ಎರಡನೇ ಸಲ ಬರಬಹುದು.

ಎಲೆ ಉದುರುವ ಕಾಲಕ್ಕೆ ನೀರು ತಣಿಯುತ್ತದೆ, ಟ್ರೌಟ್ ಮತ್ತೆ ಹಗಲಲ್ಲೇ ಸಿಗುತ್ತದೆ. ಬ್ರೌನ್ ಟ್ರೌಟ್ ಮೊಟ್ಟೆ ಇಡುವುದು ಈಗ. ಅದಕ್ಕೆ ಮುಂಚೆ ದೊಡ್ಡ ಗಂಡುಗಳಿಗೆ ಸಿಟ್ಟು ಜಾಸ್ತಿ, ವೂಲಿ ಬಗ್ಗರ್‌ನಂಥ ದಪ್ಪ ಸ್ಟ್ರೀಮರನ್ನು (ನೀರೊಳಗೆ ಎಳೆಯುವ ಫ್ಲೈ) ಅಟ್ಟಿಸಿಕೊಂಡು ಬರುತ್ತವೆ. ನೀರಿಗಿಳಿದವರು ಕಾಲಡಿ ನೋಡಿ ನಡೆಯಿರಿ. ಪಾಚಿ ಹಿಡಿದ ಗರಸಿನ ನಡುವೆ ತೊಳೆದಿಟ್ಟ ಹಾಗೆ ತಿಳಿಬಣ್ಣದ ಜಾಗ ಕಂಡರೆ, ಹೆಣ್ಣು ಮೀನು ಬಾಲದಿಂದ ಕೆದಕಿ ಮೊಟ್ಟೆ ಹೂತ ಜಾಗ ಅದು. ಸುತ್ತು ಹಾಕಿಕೊಂಡು ಹೋಗಿ. ಅದರ ಮೇಲೆ ನಿಂತ ಮೀನಿಗೂ ಗಾಳ ಬೇಡ. ರೇನ್‌ಬೋ ಟ್ರೌಟ್ ಇದೇ ಕೆಲಸವನ್ನು ಸಾಮಾನ್ಯವಾಗಿ ವಸಂತದಲ್ಲಿ ಮಾಡುತ್ತದೆ, ಆಗಲೂ ಇದೇ ಲೆಕ್ಕ. ಕೆಲವು ಹೊಳೆಗಳಲ್ಲಿ ಈ ತಿಂಗಳುಗಳಲ್ಲಿ ಮೀನು ಹಿಡಿಯುವುದಕ್ಕೇ ನಿಷೇಧ ಇರುತ್ತದೆ, ಹೋಗುವ ಮುಂಚೆ ವಿಚಾರಿಸಿ.

ಚಳಿಗಾಲದಲ್ಲಿ ಬಾಸ್ ಆಳಕ್ಕಿಳಿದು ಹೆಚ್ಚುಕಡಿಮೆ ಮಲಗಿಬಿಡುತ್ತದೆ, ನಾನಂತೂ ಅದರ ತಂಟೆಗೆ ಹೋಗುವುದಿಲ್ಲ. ಟ್ರೌಟ್ ನಿಧಾನ ಹರಿವಿನ ಆಳವಾದ ಮಡುಗಳಲ್ಲಿ ಗುಂಪಾಗಿರುತ್ತದೆ. ಬೆಳಗ್ಗೆ ಬೇಗ ಏಳಬೇಕಾಗಿಲ್ಲ, ಮಧ್ಯಾಹ್ನ ಎರಡು ತಾಸಿನ ಬಿಸಿಲು ಸಾಕು. 20 ಅಥವಾ 22ನೇ ನಂಬರಿನ ಜೀಬ್ರಾ ಮಿಡ್ಜ್ ಅನ್ನುವ ಪುಟ್ಟ ಫ್ಲೈ ಕಟ್ಟಿ. ನಂಬರ್ ದೊಡ್ಡದಾದಷ್ಟೂ ಕೊಕ್ಕೆ ಸಣ್ಣದು. ಮೀನು ಊಟಕ್ಕಾಗಿ ದೂರ ಬರುವುದಿಲ್ಲ, ಅದರ ಬಾಯಿಯ ಹತ್ತಿರವೇ ಒಯ್ಯಬೇಕು, ಹಾಗಾಗಿ ಒಂದೇ ಮಡುವಿನಲ್ಲಿ ಒಂದೊಂದು ಗೇಣು ಸರಿದು ಹಾಕುತ್ತಾ ಹೋಗಿ. ರಾಡಿನ ಉಂಗುರಗಳಲ್ಲಿ ಮಂಜುಗಡ್ಡೆ ಕಟ್ಟಿಕೊಂಡರೆ ಬೆರಳಿನಿಂದ ಒಡೆಯಬೇಡಿ, ತುದಿ ಮುರಿದೀತು. ರಾಡನ್ನು ನೀರಲ್ಲಿ ಸ್ವಲ್ಪ ಹೊತ್ತು ಅದ್ದಿ ಹಿಡಿಯಿರಿ, ತಾನೇ ಕರಗುತ್ತದೆ.