ದೊಡ್ಡ ಸಂಖ್ಯೆಯನ್ನು ಬಿಡಿಸುವುದು ಹೇಗೆ?

ಅವಿಭಾಜ್ಯ ಅಪವರ್ತನ ಅಂದರೆ ಒಂದು ಸಂಖ್ಯೆಯನ್ನು ಅವಿಭಾಜ್ಯಗಳ, ಅಂದರೆ 1 ಮತ್ತು ತನ್ನಿಂದ ಮಾತ್ರ ಭಾಗವಾಗುವ ಸಂಖ್ಯೆಗಳ, ಗುಣಲಬ್ಧವಾಗಿ ಬಿಡಿಸುವುದು. ಅದರ ಮೊದಲ ಸಾಲುಗಳನ್ನು ಎಲ್ಲರೂ ಚೆನ್ನಾಗಿಯೇ ಮಾಡುತ್ತಾರೆ. ಎಡವುವುದು ಕೊನೆಯಲ್ಲಿ. ಉಳಿದ ಸಂಖ್ಯೆ ನಾಲ್ಕಾರು ಸಲ ಭಾಗವಾಗಲಿಲ್ಲ ಅಂದರೆ ಸಾಕು, ಸುಮ್ನೆ ‘ಅವಿಭಾಜ್ಯ’ ಎಂದು ಬರೆದು ಪೆನ್ನು ಮುಚ್ಚುತ್ತಾರೆ. ಇದನ್ನು ನೋಡಿ ನೋಡಿ ಈ ಲೇಖನ ಬರೆಯಲೇಬೇಕು ಅನಿಸಿತು. 40,57,704 ತೆಗೆದುಕೊಳ್ಳೋಣ.

ಹೆಜ್ಜೆ 1: ಕೊನೆಯ ಮೂರು ಅಂಕಿ 704, ಅದು 8ರಿಂದ ಭಾಗವಾಗುತ್ತದೆ. ಭಾಗಿಸಿದರೆ 5,07,213. ಬೆಸ ಸಂಖ್ಯೆ, 2ರ ಕೆಲಸ ಮುಗಿಯಿತು.

ಹೆಜ್ಜೆ 2: ಮೂಲ ಸಂಖ್ಯೆಯ ಅಂಕಿಗಳನ್ನು ಕೂಡಿದರೆ 27. ಹಾಗಂತ 27ರಿಂದ ಭಾಗಿಸಲು ಹೋಗಬೇಡಿ. ಅಂಕಿ ಕೂಡುವ ಉಪಾಯ 3 ಮತ್ತು 9ಕ್ಕೆ ಮಾತ್ರ. 10ನ್ನು 9ರಿಂದ ಭಾಗಿಸಿದರೆ 1 ಉಳಿಯುತ್ತದೆ, ಅದಕ್ಕೇ ಅದು ನಡೆಯುವುದು. 9ರಿಂದ ಭಾಗಿಸಿ: 56,357. ಇದರ ಅಂಕಿಗಳ ಮೊತ್ತ 26, ಇನ್ನು 3 ಇಲ್ಲ.

ಹೆಜ್ಜೆ 3: 7ರಿಂದ ಭಾಗಿಸಿದರೆ 8,051.

ಹೆಜ್ಜೆ 4: ಇಲ್ಲಿ ನಿಧಾನಿಸಿ. 8,051 ನೋಡಲು ಥೇಟ್ ಅವಿಭಾಜ್ಯದಂತಿದೆ. 11, 13, 17, 19 ಯಾವುದಕ್ಕೂ ಬಗ್ಗುವುದಿಲ್ಲ. ಎಲ್ಲಿಯವರೆಗೆ ಪರೀಕ್ಷಿಸಬೇಕು? ವರ್ಗಮೂಲದವರೆಗೆ. 90ರ ವರ್ಗ 8,100, ಹಾಗಾಗಿ 89ರವರೆಗಿನ ಎಲ್ಲ ಅವಿಭಾಜ್ಯಗಳನ್ನೂ ನೋಡಲೇಬೇಕು. 50ಕ್ಕೆ ನಿಲ್ಲಿಸಿದರೆ ಕೆಟ್ಟಿತು.

ನಾನಂತೂ ಭಾಗಾಕಾರಕ್ಕೆ ಮೊದಲು ಫ್ರೆಂಚ್ ಗಣಿತಜ್ಞ ಫರ್ಮಾನ ದಾರಿ ಹಿಡಿಯುತ್ತೇನೆ, ನೀವೂ ಹಿಡಿಯಿರಿ. ಸಂಖ್ಯೆಗಿಂತ ಸ್ವಲ್ಪ ದೊಡ್ಡ ವರ್ಗದಿಂದ ಸಂಖ್ಯೆಯನ್ನು ಕಳೆಯಿರಿ. 8,100ರಿಂದ 8,051 ಕಳೆದರೆ 49. ಅದು 7ರ ವರ್ಗ! ಅಂದರೆ 90ರಿಂದ 7 ಕಳೆದರೆ ಒಂದು ಅಪವರ್ತನ, ಕೂಡಿದರೆ ಇನ್ನೊಂದು: 83 × 97. ಉತ್ತರ ಪೂರ್ಣವರ್ಗ ಬರದಿದ್ದರೆ 91, 92ರ ವರ್ಗ ಹಿಡಿದು ಮುಂದುವರಿಯಿರಿ. ಎರಡು ಅಪವರ್ತನಗಳು ಹತ್ತಿರ ಹತ್ತಿರ ಇದ್ದರೆ ಬೇಗ ಸಿಗುತ್ತವೆ, ದೂರವಿದ್ದರೆ ಭಾಗಾಕಾರವೇ ಗತಿ.

ಇಂಥ ಕಡೆ ಫರ್ಮಾನೇ ತಪ್ಪಿದ್ದುಂಟು. 4,29,49,67,297 ಅವಿಭಾಜ್ಯ ಎಂದು ಅವನು ನಂಬಿದ್ದ. ಅದು 641ರಿಂದ ಭಾಗವಾಗುತ್ತದೆ ಎಂದು 1732ರಲ್ಲಿ ಗಣಿತಜ್ಞ ಆಯ್ಲರ್ ತೋರಿಸಿದ. ಎಂಟು ಅಂಕಿಯ ಅಗ್ಗದ ಕ್ಯಾಲ್ಕ್ಯುಲೇಟರ್‌ನಲ್ಲಿ ಈ ಸಂಖ್ಯೆ ಹಿಡಿಸುವುದೇ ಇಲ್ಲ, ಅದನ್ನು ಬದಿಗಿಡಿ. ಎಕ್ಸೆಲ್ ಕೂಡ 15 ಅಂಕಿಯ ನಂತರದ್ದನ್ನೆಲ್ಲ ಸೊನ್ನೆ ಮಾಡುತ್ತದೆ. ಸಂಖ್ಯೆ ಅದಕ್ಕಿಂತ ಉದ್ದವಿದ್ದರೆ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಬಳಸಿ.

ಹೆಜ್ಜೆ 5: ಈಗ ಎಲ್ಲವೂ ಸಲೀಸು. 40,57,704 = 2³ × 3² × 7 × 83 × 97. ಘಾತಗಳು 3, 2, 1, 1, 1. ಪ್ರತಿಯೊಂದಕ್ಕೂ 1 ಕೂಡಿಸಿ ಗುಣಿಸಿದರೆ ಒಟ್ಟು 96 ಭಾಜಕಗಳು. ಅವುಗಳ ಮೊತ್ತ ಬೇಕಿದ್ದರೆ ಪ್ರತಿ ಅವಿಭಾಜ್ಯದ ಘಾತಗಳನ್ನು 1ರಿಂದ ಹಿಡಿದು ಕೂಡಿ (1+2+4+8 = 15, 1+3+9 = 13, 1+7 = 8, ಹೀಗೆ) ಗುಣಿಸಿ: 15 × 13 × 8 × 84 × 98, ಅಂದರೆ 1,28,41,920. ಇದು ಮೂಲ ಸಂಖ್ಯೆಯ ಎರಡರಷ್ಟಕ್ಕಿಂತಲೂ ಜಾಸ್ತಿ.

ಉತ್ತರವನ್ನು ಗುಣಿಸಿ ತಾಳೆ ನೋಡಿದರೆ ಸಾಕಲ್ವಾ ಎಂದು ಕೇಳುತ್ತಾರೆ. ಸಾಲದು. 8 × 9 × 7 × 8,051 ಎಂದು ಬರೆದವರಿಗೂ ಗುಣಲಬ್ಧ ಸರಿಯಾಗಿಯೇ ಬರುತ್ತದೆ. ಆದರೆ ಅವರ ಲೆಕ್ಕದಲ್ಲಿ ಭಾಜಕಗಳು 48 ಮಾತ್ರ, ಅರ್ಧಕ್ಕರ್ಧ ಕಾಣೆ. ತಾಳೆ ನೋಡುವಾಗ ಪ್ರತಿ ಅಪವರ್ತನವನ್ನೂ ಅದರ ವರ್ಗಮೂಲದವರೆಗೆ ಪರೀಕ್ಷಿಸಿ. 83 ಮತ್ತು 97ಕ್ಕೆ 2, 3, 5, 7 ಸಾಕು.