ಬೀದಿ ಹೆಸರು ಮೊದಲು, ಮೇಯರ್ ಹೆಸರು ಆಮೇಲೆ

ತುಮಕೂರಿನಲ್ಲಿ ಮೇಯರ್ ಅಂದರೆ ವರ್ಷಕ್ಕೊಬ್ಬರು. ಕರ್ನಾಟಕ ಮಹಾನಗರ ಪಾಲಿಕೆಗಳ ಅಧಿನಿಯಮ, 1976ರಲ್ಲಿ ಅವರಿಗೆ ಕೊಟ್ಟಿರುವ ಅವಧಿಯೇ ಅಷ್ಟು. ಕುರ್ಚಿಯಲ್ಲಿ ಕೂರುವವರು ಬದಲಾಗುತ್ತಿದ್ದರು. ಪಾಲಿಕೆಯಲ್ಲಿ ಅವರಿಗೆ ಪ್ರಕಟಣೆ ಬರೆದುಕೊಡುತ್ತಿದ್ದ ನಾನು ಅದೇ ಟೇಬಲ್ಲಿನಲ್ಲೇ ಇದ್ದೆ. ಅದಕ್ಕೆ ಮೊದಲು ಪತ್ರಿಕೆಯೊಂದರ ಡೆಸ್ಕಿನಲ್ಲಿ ಕೂತು ಇಂಥ ಪ್ರಕಟಣೆಗಳನ್ನು ಕತ್ತರಿಸುವ ಕೆಲಸ ಮಾಡಿದ್ದರಿಂದ, ಯಾವ ಸಾಲು ಉಳಿಯುತ್ತದೆ, ಯಾವುದು ಹಾರಿಹೋಗುತ್ತದೆ ಅನ್ನುವುದು ಗೊತ್ತಿತ್ತು. ಮೊದಲು ಹಾರುವುದು "ಸನ್ಮಾನ್ಯ ಮಹಾಪೌರರ ಆದೇಶದ ಮೇರೆಗೆ" ಅನ್ನುವ ಸಾಲು.

ಹೊಸ ಮೇಯರ್ ಬಂದಾಗಲೆಲ್ಲ ಇದನ್ನು ಮೊದಲು ಅವರ ಆಪ್ತರಿಗೆ ವಿವರಿಸಬೇಕಾಗುತ್ತಿತ್ತು. ಮೇಯರ್‌ಗೇ ಹೇಳಿದರೆ ಬೇಗ ಒಪ್ಪುತ್ತಿದ್ದರು. ಒಪ್ಪದವರು ಸುತ್ತಲಿದ್ದವರು. "ಏನ್ರೀ, ಸಾಹೇಬ್ರ ಹೆಸರು ಕೆಳಗ್ ಹಾಕಿದೀರಾ?" ಅಂತ ಕೇಳುತ್ತಿದ್ದರು. ನೀರಿನ ಸುದ್ದಿಯಲ್ಲಿ ಹೆಸರು ಕೆಳಗಿದ್ದರೇ ಕ್ಷೇಮ ಅಂದರೆ ಸುಮ್ಮನಾಗುತ್ತಿದ್ದರು.

ತುಮಕೂರಿನಲ್ಲಿ ನಗರದ ಸುದ್ದಿ ಅಂದರೆ ಮುಕ್ಕಾಲು ಪಾಲು ನೀರಿನ ಸುದ್ದಿ. ಹೇಮಾವತಿ ನಾಲೆಯಲ್ಲಿ ಬಂದ ನೀರು ಬುಗುಡನಹಳ್ಳಿ ಕೆರೆಯಲ್ಲಿ ನಿಂತರೆ ಊರಿಗೆ ನೆಮ್ಮದಿ. ನಾಲೆ ನಿಂತಾಗ, ಪಂಪು ಕೆಟ್ಟಾಗ, ಪೈಪು ಒಡೆದಾಗ ನನ್ನ ಟೇಬಲ್ಲಿಗೆ ಒಂದು ಚೀಟಿ ಬರುತ್ತಿತ್ತು. ಅದರ ಧಾಟಿ ಹೀಗೆ: "ಏರುಕೊಳವೆ ಮಾರ್ಗದ ತುರ್ತು ದುರಸ್ತಿ ಕಾಮಗಾರಿ ಕೈಗೊಂಡಿರುವ ಹಿನ್ನೆಲೆಯಲ್ಲಿ ನಗರದ ಕೆಲವು ಭಾಗಗಳಲ್ಲಿ ನೀರು ಸರಬರಾಜಿನಲ್ಲಿ ವ್ಯತ್ಯಯ ಉಂಟಾಗುವುದರಿಂದ ಸಾರ್ವಜನಿಕರು ಸಹಕರಿಸಬೇಕಾಗಿ ಕೋರಿದೆ." ಯಾವ ಭಾಗ? ಎಷ್ಟು ದಿನ? ಮತ್ತೆ ಯಾವಾಗ ಬರುತ್ತದೆ? ಟ್ಯಾಂಕರ್ ಬೇಕಾದವರು ಯಾರಿಗೆ ಫೋನ್ ಮಾಡಬೇಕು? ಈ ನಾಲ್ಕಕ್ಕೂ ಆ ಸಾಲಿನಲ್ಲಿ ಉತ್ತರವಿಲ್ಲ. ಎಂಜಿನಿಯರಿಂಗ್ ಸೆಕ್ಷನ್ನಿಗೆ ಕೇಳಿದರೆ ಮೊದಲ ಎರಡಕ್ಕೆ ಉತ್ತರ ಸಿಗುತ್ತಿತ್ತು. ಮೂರನೆಯದಕ್ಕೆ ನಾನು ನಂಬುತ್ತಿದ್ದದ್ದು ವಾಲ್ವ್ ತಿರುಗಿಸುವ ವಾಟರ್‌ಮನ್‌ಗಳನ್ನು. "ನಾಡಿದ್ದು ಬಿಡ್ತೀವಿ ಅಂತ ಬರೀಬೇಡಿ ಸಾರ್, ಪೈಪ್ ತುಂಬೋಕೇ ಅರ್ಧ ದಿನ ಬೇಕು, ಮೇಲಿನ ಬೀದಿಗೆ ಆಚೆ ನಾಡಿದ್ದೇ ಹತ್ತೋದು" ಅಂತ ಅವರು ಹೇಳಿದ್ದನ್ನು ಹಾಗೇ ಬರೆದರೆ ಫೋನ್ ಕರೆಗಳು ಅರ್ಧಕ್ಕರ್ಧ ಕಡಿಮೆ.

ಬರವಣಿಗೆಯ ಪಾಠವನ್ನು ನನಗೆ ಕಲಿಸಿದ್ದು ಮೈಕ್ ಕಟ್ಟಿದ ಆಟೋದ ಡ್ರೈವರ್. ಕಾಗದ ಕೊಟ್ಟರೆ ಓದಿಕೊಂಡು ನಕ್ಕುಬಿಟ್ಟ. "ಸಾರ್, ಇದನ್ನ ಓದಿ ಮುಗ್ಸೋಷ್ಟ್ರಲ್ಲಿ ನನ್ ಗಾಡಿ ಇನ್ನೊಂದ್ ಕ್ರಾಸ್ ದಾಟಿರ್ತದೆ." ನಿಜ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. "ಹಿನ್ನೆಲೆಯಲ್ಲಿ", "ಉಂಟಾಗುವುದರಿಂದ" ಅಂತ ಎಳೆದುಕೊಂಡು ಹೋದರೆ, ಮನೆಯೊಳಗೆ ಪಾತ್ರೆ ತೊಳೆಯುತ್ತಿರುವವರಿಗೆ ಕಾರಣವಷ್ಟೇ ಕೇಳಿಸುತ್ತದೆ. ನೀರು ಬರುತ್ತದೋ ಇಲ್ಲವೋ ಅನ್ನುವುದನ್ನು ಪಕ್ಕದ ಬೀದಿಯವರು ಕೇಳಿಸಿಕೊಳ್ಳುತ್ತಾರೆ. ಅಂದಿನಿಂದ ಆಟೋಗೆ ಬೇರೆಯೇ ಬರೆದೆ. "ಗುಬ್ಬಿ ಗೇಟ್, ಹೊರಪೇಟೆಯವರೇ ಕೇಳಿ. ನಾಳೆ, ನಾಡಿದ್ದು ನೀರು ಇಲ್ಲ. ಶನಿವಾರ ಸಂಜೆ ಬರುತ್ತದೆ. ಇವತ್ತೇ ಹಿಡಿದಿಟ್ಟುಕೊಳ್ಳಿ." ಅಷ್ಟೇ, ಅದನ್ನೇ ತಿರುಗಿ ತಿರುಗಿ. ಕಾರಣ ಪತ್ರಿಕೆಗೆ ಹೋಗಲಿ.

ವಾಟ್ಸ್‌ಆ್ಯಪ್‌ಗೆ ಮಾತ್ರ ಇದರ ತದ್ವಿರುದ್ಧ ನಿಯಮ. ಅಲ್ಲಿ "ನಾಳೆ" ಅಂತ ಬರೆಯಲೇಬಾರದು. ವಾರ್ಡ್ ಗ್ರೂಪಿನಿಂದ ಅಪಾರ್ಟ್‌ಮೆಂಟ್ ಗ್ರೂಪಿಗೆ, ಅಲ್ಲಿಂದ ನೆಂಟರ ಗ್ರೂಪಿಗೆ ಹೋದ ಪ್ರಕಟಣೆ ಮುಂದಿನ ವರ್ಷವೂ ಎದ್ದು ಬರಬಹುದು. ವಾರ, ತಾರೀಖು, ಇಸವಿ ಮೂರನ್ನೂ ಮೊದಲ ಸಾಲಿನಲ್ಲೇ ಹಾಕುತ್ತಿದ್ದೆ.

ಇನ್ನು ಜಾಗದ ಹೆಸರು. ಪಾಲಿಕೆಗೆ 35 ವಾರ್ಡುಗಳು, ಕಚೇರಿಯ ಕಾಗದಗಳೆಲ್ಲ ವಾರ್ಡ್ ನಂಬರಿನಲ್ಲೇ ಓಡಾಡುತ್ತವೆ. ತಮ್ಮ ವಾರ್ಡ್ ನಂಬರ್ ಬಲ್ಲ ಜನ ಚುನಾವಣೆಯ ತಿಂಗಳಲ್ಲಿ ಮಾತ್ರ ಸಿಗುತ್ತಾರೆ. ಬಿ.ಜಿ.ಎಸ್. ವೃತ್ತ ಅಂದರೆ ಕೆಲವರಿಗೆ ಹೊಳೆಯುವುದಿಲ್ಲ, ಟೌನ್‌ಹಾಲ್ ಸರ್ಕಲ್ ಅಂದರೆ ಎಲ್ಲರಿಗೂ ಗೊತ್ತು. ಸ್ಮಾರ್ಟ್ ಸಿಟಿ ಕಾಮಗಾರಿಗೆ ರಸ್ತೆಗಳನ್ನು ಅಗೆದ ದಿನಗಳಲ್ಲಿ ಇದು ಬಹಳ ಉಪಯೋಗಕ್ಕೆ ಬಂತು. 2016ರಲ್ಲಿ ನಗರ ಆ ಯೋಜನೆಗೆ ಆಯ್ಕೆಯಾದ ಮೇಲೆ ಒಂದಾದ ಮೇಲೊಂದು ರಸ್ತೆ ಬಂದ್. ನಕ್ಷೆಯಲ್ಲಿ ಯಾವ ಹೆಸರಿದ್ದರೂ ನಾನು ಬರೆಯುತ್ತಿದ್ದದ್ದು ದೇವಸ್ಥಾನ, ಶಾಲೆ, ಪೆಟ್ರೋಲ್ ಬಂಕ್ ಹಿಡಿದು.

ಮೇಯರ್ ಬಾಯಲ್ಲಿ ಏನನ್ನು ಹೇಳಿಸಬಾರದು ಅನ್ನುವುದೂ ಕೆಲಸದ ಭಾಗವೇ. ಕಾಯ್ದೆಯಲ್ಲಿ ಕಾರ್ಯನಿರ್ವಹಣೆಯ ಅಧಿಕಾರ ಇರುವುದು ಆಯುಕ್ತರಿಗೆ. ಮೇಯರ್ ಕೌನ್ಸಿಲ್ ಸಭೆ ನಡೆಸುತ್ತಾರೆ, ನಿರ್ಣಯ ಅಲ್ಲಿ ಆಗುತ್ತದೆ. ಆದ್ದರಿಂದ "ಮೇಯರ್ ಆದೇಶ" ಅಂತ ಬರೆಯದೆ "ಕೌನ್ಸಿಲ್ ತೀರ್ಮಾನಿಸಿದೆ, ಇಂಥ ದಿನದಿಂದ ಜಾರಿ" ಅಂತ ಬರೆಯುತ್ತಿದ್ದೆ. ಎಂಜಿನಿಯರ್ ಲಿಖಿತವಾಗಿ ಕೊಡದ ದಿನಾಂಕವನ್ನು ಮೇಯರ್ ಹೆಸರಿನಲ್ಲಿ ಹಾಕುತ್ತಿರಲಿಲ್ಲ. ಕಾಮಗಾರಿ ತಡವಾದರೆ ಬೈಸಿಕೊಳ್ಳುವವರು ಫೋಟೊದಲ್ಲಿ ಇದ್ದವರು ತಾನೆ.

ಹಬ್ಬ, ಜಯಂತಿಗಳ ಪ್ರಕಟಣೆಯದು ಬೇರೆಯೇ ಲೋಕ. ಇಲ್ಲಿ ಹೆಸರುಗಳೇ ಸುದ್ದಿ. ಆಹ್ವಾನ ಪತ್ರಿಕೆಯಲ್ಲಿ ಉದ್ಘಾಟನೆಗೆ ಉಸ್ತುವಾರಿ ಸಚಿವರು, ಅಧ್ಯಕ್ಷತೆಗೆ ಶಾಸಕರು, ಆಮೇಲೆ ಸಂಸದರು, ವಿಧಾನ ಪರಿಷತ್ ಸದಸ್ಯರು, ಮೇಯರ್, ಉಪಮೇಯರ್, ಸ್ಥಾಯಿ ಸಮಿತಿ ಅಧ್ಯಕ್ಷರು. ಶಿಷ್ಟಾಚಾರದ ಈ ಸಾಲು ಒಂದು ಹೆಜ್ಜೆ ಹಿಂದುಮುಂದಾದರೂ ಕಾರ್ಯಕ್ರಮಕ್ಕಿಂತ ಮೊದಲು ಜಗಳ ಶುರು. ಮುದ್ರಣಕ್ಕೆ ಕಳಿಸುವ ಮುಂಚೆ ಕೌನ್ಸಿಲ್ ಸೆಕ್ರೆಟರಿ ಕೈಲಿ ಸಹಿ ಹಾಕಿಸಿಕೊಳ್ಳುತ್ತಿದ್ದೆ. ಇದೊಂದು ವಿಷಯದಲ್ಲಿ ನನ್ನ ಬುದ್ಧಿ ಉಪಯೋಗಿಸಲಿಲ್ಲ.

ನಾನು ಕಂಡುಕೊಂಡ ದಾರಿ ಏನೆಂದರೆ, ಜನ ಆಸೆಯಿಂದ ಓದುವುದು ಹಬ್ಬದ ಪ್ರಕಟಣೆಯನ್ನು. ಹಾಗಾಗಿ ನಗರದ ಸುದ್ದಿಯನ್ನು ಅದರೊಳಗೇ ಸೇರಿಸಬೇಕು. ಕಹಿ ಗುಳಿಗೆಯನ್ನು ಬಾಳೆಹಣ್ಣಿನಲ್ಲಿಟ್ಟು ಕೊಟ್ಟಂತೆ. ಗಣೇಶನ ಹಬ್ಬಕ್ಕೆ ಬರೀ ಶುಭಾಶಯ ಹಾಕುವ ಬದಲು, ಮೇಯರ್ ಫೋಟೊದ ಕೆಳಗೆ ವಿಸರ್ಜನೆಯ ಜಾಗ ಯಾವುದು, ಪಿ.ಒ.ಪಿ. (ಪ್ಲಾಸ್ಟರ್ ಆಫ್ ಪ್ಯಾರಿಸ್) ಮೂರ್ತಿ ಯಾಕೆ ಬೇಡ, ಪೆಂಡಾಲಿಗೆ ಅನುಮತಿ ಎಲ್ಲಿ, ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಮೈಕ್ ಇಲ್ಲ, ಇಷ್ಟನ್ನೂ ಹಾಕಿದೆವು. ಹಬ್ಬದ ಹುಡುಗರು ಆ ಚಿತ್ರವನ್ನು ತಾವೇ ಹಂಚಿದರು, ಅದರಲ್ಲಿ ಗಣಪ ಇದ್ದನಲ್ಲ. ಆಯುಧಪೂಜೆಗೆ, ಬೂದುಗುಂಬಳವನ್ನು ರಸ್ತೆ ಮಧ್ಯೆ ಒಡೆದು ಬಿಡಬೇಡಿ, ಬೈಕಿನವರು ಜಾರುತ್ತಾರೆ. ಬಾಳೆಕಂದು, ಮಾವಿನ ಸೊಪ್ಪು ಹಸಿ ಕಸಕ್ಕೆ. ಶಿವರಾತ್ರಿ ಹೊತ್ತಿನ ಸಿದ್ಧಗಂಗೆ ಜಾತ್ರೆಗೆ, ಕ್ಯಾತ್ಸಂದ್ರದ ಕಡೆ ವಾಹನ ಎಲ್ಲಿ ನಿಲ್ಲಿಸಬೇಕು ಅನ್ನುವುದು ಶುಭಾಶಯಕ್ಕಿಂತ ಮೇಲೆ. ರಂಜಾನಿಗೆ ಈದ್ಗಾ ಮೈದಾನದ ನೀರು, ಸ್ವಚ್ಛತೆಯ ವಿವರವನ್ನು ಕನ್ನಡದ ಜೊತೆ ಉರ್ದುವಿನಲ್ಲೂ ಧ್ವನಿಮುದ್ರಿಸಿ ಕಳಿಸಿದೆವು. ಅದಕ್ಕೆ ಬಂದಷ್ಟು ಥ್ಯಾಂಕ್ಸ್ ಬೇರೆ ಯಾವುದಕ್ಕೂ ಬರಲಿಲ್ಲ.

ಸೆಪ್ಟೆಂಬರ್ 23ರ ಪೌರಕಾರ್ಮಿಕರ ದಿನಾಚರಣೆ ನನಗೆ ಎಲ್ಲಕ್ಕಿಂತ ಇಷ್ಟವಾದ ಪ್ರಕಟಣೆ. ಸಾಮಾನ್ಯವಾಗಿ ಅದರಲ್ಲಿ ಸನ್ಮಾನ, ಹಾರ, ಊಟ, ಗಣ್ಯರ ಭಾಷಣದ ಸುದ್ದಿ ಇರುತ್ತದೆ. ನಾನು ತಲೆಬರಹವನ್ನೇ ಬದಲಿಸಿದೆ: "ಇಂದು ಅವರಿಗೆ ಬಿಡುವು. ಕಸ ಮನೆಯಲ್ಲೇ ಇರಲಿ, ನಾಳೆ ಕೊಡಿ." ಮೇಯರ್ ಓದಿ, "ಭಾಷಣ ಎಲ್ಲಿ?" ಅಂದರು. ಕೆಳಗೆ ಎರಡು ಸಾಲು ಇತ್ತು, ತೋರಿಸಿದೆ. ಮಾರನೆಯ ದಿನ ಅಜ್ಜಗೊಂಡನಹಳ್ಳಿಯ ಕಸ ವಿಲೇವಾರಿ ಘಟಕಕ್ಕೆ ಹೋಗುವ ಗಾಡಿಗಳಿಗೆ ಹೊರೆ ಹೆಚ್ಚು ಅನ್ನುವುದನ್ನೂ ಸೇರಿಸಿದ್ದೆ. ಅದು ಜಾಗ ಸಾಲದೆ ಬಿಟ್ಟುಹೋಯಿತು.

ಕೋವಿಡ್ ಕಾಲದಲ್ಲಿ ಎರಡೂ ಬಗೆಯ ಪ್ರಕಟಣೆ ಒಂದೇ ಆಗಿಬಿಟ್ಟವು. 2020ರ ಮಾರ್ಚಿನಿಂದ ಬರೆದ ಎಲ್ಲ ಹಬ್ಬಕ್ಕೂ "ಸರಳವಾಗಿ, ಮನೆಯಲ್ಲೇ" ಅನ್ನುವುದೇ ಗತಿ. ಮಾರುಕಟ್ಟೆ ಎಷ್ಟು ಗಂಟೆವರೆಗೆ, ಯಾವ ಬೀದಿ ಸೀಲ್, ಲಸಿಕೆ ಎಲ್ಲಿ ಅನ್ನುವುದು ದಿನಕ್ಕೆರಡು ಸಲ ಬದಲಾಗುತ್ತಿತ್ತು. ಆಗ ಮಾತ್ರ ತಾರೀಖಿನ ಜೊತೆ ಪ್ರಕಟಣೆಗೆ ಗಂಟೆಯನ್ನೂ ಹಾಕಿದೆ: "ಬೆಳಗ್ಗೆ 11ಕ್ಕೆ ಹೊರಡಿಸಿದ್ದು."

ಆಸ್ತಿ ತೆರಿಗೆಯ ಪ್ರಕಟಣೆಗೆ ಹೆಚ್ಚು ತಲೆಕೆಡಿಸಿಕೊಳ್ಳುವ ಅಗತ್ಯವಿಲ್ಲ. ಏಪ್ರಿಲ್‌ನಲ್ಲೇ ಕಟ್ಟಿದವರಿಗೆ 5 ಪರ್ಸೆಂಟ್ ರಿಯಾಯಿತಿ, ಈ ಒಂದು ಸಾಲೇ ಸಾಕು. ತೊಂದರೆ ಬರುವುದು ಏಪ್ರಿಲ್‌ನಲ್ಲಿ ಚುನಾವಣೆ ಬಂದಾಗ. 2019ರಲ್ಲಿ ಲೋಕಸಭೆಗೆ ಏಪ್ರಿಲ್ 18ರಂದು ಮತದಾನ. 2023ರಲ್ಲಿ ವಿಧಾನಸಭೆಗೆ ಮಾರ್ಚ್ 29ಕ್ಕೇ ನೀತಿ ಸಂಹಿತೆ. ನೀತಿ ಸಂಹಿತೆ ಬಂತೆಂದರೆ ಮೇಯರ್ ಫೋಟೊ ಇಲ್ಲ, ಹೆಸರಿಲ್ಲ, ಸರ್ಕಾರಿ ಕಾರೂ ಇಲ್ಲ. ಏಪ್ರಿಲ್ 1ಕ್ಕೆ ಸಿದ್ಧಗಂಗೆಯ ಶಿವಕುಮಾರ ಸ್ವಾಮೀಜಿಯವರ ಜಯಂತಿಗೆ ಬರೆದಿಟ್ಟ ಶುಭಾಶಯದಿಂದಲೂ ಮೇಯರ್ ಭಾವಚಿತ್ರ ತೆಗೆದು ಸ್ವಾಮೀಜಿಯವರ ಚಿತ್ರ ಮಾತ್ರ ಉಳಿಸಿದೆವು. ನೋಡಲು ಅದೇ ಚೆನ್ನಾಗಿತ್ತು ಅಂತ ನನಗೆ ಅನ್ನಿಸಿತು, ಹೊರಗೆ ಹೇಳಲಿಲ್ಲ. ತೆರಿಗೆಯ ಪ್ರಕಟಣೆ ಆಯುಕ್ತರ ಹೆಸರಿನಲ್ಲಿ, ಅದೇ ಒಕ್ಕಣೆಯಲ್ಲಿ ಹೋಯಿತು.

2024ರ ಜನವರಿಗೆ ಕೌನ್ಸಿಲ್ ಅವಧಿ ಮುಗಿದು ಆಡಳಿತಾಧಿಕಾರಿ ಬಂದರು. ಜಯಂತಿಗಳ ಪಟ್ಟಿ, ಬೀದಿಗಳ ಬಾಯಿಮಾತಿನ ಹೆಸರುಗಳ ಪಟ್ಟಿ, ಆಟೋಗೆ ಬರೆದ ಚುಟುಕುಗಳು, ಮೂರನ್ನೂ ಒಂದೇ ಫೈಲಿಗೆ ಹಾಕಿ ಪಕ್ಕದ ಟೇಬಲ್ಲಿನವರಿಗೆ ಕೊಟ್ಟೆ. ಅವರು ಮೊದಲು ಕೇಳಿದ್ದು ವಾಟರ್‌ಮನ್‌ಗಳ ಫೋನ್ ನಂಬರ್.