ವ್ಯಾನಿನ್ಯಾಗ ಥಂಡ್ಯಾಗ ಮಲಗೋದು ಹೆಂಗ? ಶೆಗಡಿ ಹೊರಗ, ಕಂಬಳಿ ಒಳಗ

ಈಗೀಗ ನಮ್ಮ ಹುಬ್ಬಳ್ಳಿ-ಧಾರವಾಡ ಕಡೆನೂ ಟೆಂಪೋ ಟ್ರಾವೆಲರ್, ಈಕೋ, ಹಳೇ ಓಮ್ನಿ ತಗೊಂಡು ಹಿಂದ ಹಾಸಿಗಿ ಹಾಕ್ಕೊಂಡು ಮನಾಲಿ, ಸ್ಪಿತಿ ಅಂತ ಹೊಂಡೋ ಮಂದಿ ಭಾಳ ಆಗ್ಯಾರ. ಹೋಗ್ರಿ, ಚಲೋನ ಐತಿ (ಸೀಟ್ ತಗದು ಬಾಡಿ ಬದಲ ಮಾಡೋಕಿಂತ ಮೊದ್ಲ ಆರ್‌ಟಿಒ ಒಪ್ಪಿಗಿ ಒಂದು ತಗೊಳ್ರಿ ಅಷ್ಟ). ಆದ್ರ ನಮ್ಮ ಥಂಡಿ ಅಂದ್ರ ಡಿಸೆಂಬರ್ ನಸುಕಿನ್ಯಾಗ 12-13 ಡಿಗ್ರಿ, ಅಲ್ಲಿ ಸೊನ್ನಿ ದಾಟಿ ಕೆಳಗ ಹೋಗ್ತೈತಿ, ಮತ್ತ ತಗಡಿನ ಗಾಡಿ ಇಂಜಿನ್ ಬಂದ್ ಮಾಡಿದ ಸ್ವಲ್ಪ ಹೊತ್ತಿಗೇ ತಣ್ಣಗ ಆಗಿಬಿಡ್ತೈತಿ. ಆವಾಗ ಎಲ್ಲಾರೂ ಕೇಳೋದು ಯಾವ ಹೀಟರ್ ತಗೊಳ್ಳೋಣ ಅಂತ. ಹೀಟರ್ ಮಾತು ಕಡೀಕ. ಇಡೀ ಗಾಡಿ ಕಾಸಾಕ ಹೋಗಬ್ಯಾಡ್ರಿ, ಮಲಗಿದವರು ಬೆಚ್ಚಗಿದ್ರ ಸಾಕು.

ಮೊದ್ಲ ಕೆಳಗಿಂದ ಬರೋ ಥಂಡಿ ತಡೀರಿ. ಮ್ಯಾಲ ಮೂರು ರಗ್ಗು ಹೊತ್ಕೊಂಡ್ರೂ ಬೆನ್ನ ತಣ್ಣಗಿರ್ತೈತಿ, ಯಾಕಂದ್ರ ನಮ್ಮ ಭಾರಕ್ಕ ಗಾದಿ ಹತ್ತಿ ಅಪ್ಪಚ್ಚಿ ಆಗಿ ಒಳಗಿನ ಗಾಳಿ ಹೋಗಿರ್ತೈತಿ, ಬೆಚ್ಚಗ ಇಡೋದು ಆ ಗಾಳೀನ. ತಗಡಿನ ಮ್ಯಾಲ ಒತ್ತಿದ್ರ ಲಗೂನ ತಗ್ಗದಂಥ ಗಟ್ಟಿ ಫೋಮ್ ಶೀಟ್, ಅದರ ಮ್ಯಾಲ ಪ್ಲೈವುಡ್, ಆಮ್ಯಾಲ ಗಾದಿ. ಹೊತ್ಕೊಳ್ಳಾಕ ಒಳಗ ಕೌದಿ, ಎಲ್ಲಾದಕ್ಕಿಂತ ಮ್ಯಾಲ ಉಣ್ಣಿ ಕಂಬಳಿ. ರಾಣೆಬೆನ್ನೂರು ತಾಲೂಕಿನ ಮೆಡ್ಲೇರಿ ಕಡೆ ನೇಯೋ ಕರಿ ಕಂಬಳಿ ಸಿಕ್ರ ಬಿಡಬ್ಯಾಡ್ರಿ, ಚುಚ್ತೈತಿ ನಿಜ, ಆದ್ರ ಸ್ವಲ್ಪ ಹಸಿ ಆದ್ರೂ ಬೆಚ್ಚಗ ಇಡ್ತೈತಿ. ಕೌದಿ ಅರಿವೆದ್ದು, ಒಮ್ಮೆ ತೊಯ್ದ್ರ ಆ ಥಂಡ್ಯಾಗ ಒಣಗೂದ ಇಲ್ಲ.

ತೊಯ್ಯೋದು ಹೆಂಗ ಅಂತೀರೇನು, ಮಳಿಯಿಂದ ಅಲ್ಲ, ನಮ್ಮ ಉಸುರಿನಿಂದ. ರಾತ್ರಿ ಇಡೀ ಇಬ್ಬರು ಬಿಟ್ಟ ಉಸುರಿನ ನೀರು ತಣ್ಣನ ತಗಡಿಗೆ ಹತ್ತಿ ಹನಿ ಆಗ್ತೈತಿ. ಬೆಳಿಗ್ಗೆ ಎದ್ದು ಚಾವಣಿ ಪಟ್ಟಿ ಮ್ಯಾಲ ಬೆರಳ ಎಳದು ನೋಡ್ರಿ, ಸಾಲಾಗಿ ನಿಂತಿದ್ದ ಹನಿ ಒಂದಕ್ಕೊಂದು ಕೂಡಿ ನೇರ ಹಾಸಿಗಿ ಮ್ಯಾಲ ತೊಟ್ಟಿಕ್ಕತಾವ. ಅದಕ್ಕ ಎದುರುಬದರಿನ ಎರಡು ಕಿಡಕಿ ಬೆರಳಗಲ ತಗದ ಇಡ್ರಿ, ಥಂಡಿ ಅಂತ ಪೂರ್ತಿ ಮುಚ್ಚಬ್ಯಾಡ್ರಿ. ಒಳಗ ಗ್ಯಾಸ್ ಹಚ್ಚಿ ಅಡಗಿ ಮಾಡಿದ್ರಂತೂ 1 ಕೇಜಿ ಗ್ಯಾಸ್ ಉರಿದ್ರ ಸುಮಾರು 1.6 ಕೇಜಿ ನೀರಿನ ಆವಿ ಬರ್ತೈತಿ, ಚಹಾ ಸೈತ ಬಾಗಿಲ ತಗದ ಮಾಡ್ರಿ.

ಗಾಜಿಗೆ ಬೆಳ್ಳಿ ಬಣ್ಣದ ಬಬಲ್ ಶೀಟ್ ಕತ್ತರಿಸಿ ಕೂಡಿಸ್ರಿ. ಮುಂದಿನ ದೊಡ್ಡ ಗಾಜು ಮರೀಬ್ಯಾಡ್ರಿ, ಡ್ರೈವರ್ ಸೀಟ್ ಹಿಂದ ದಪ್ಪನ ಪರದೆ ಹಾಕಿದ್ರ ಕಾಸೋ ಜಾಗ ಕಡಿಮಿ ಆಗ್ತೈತಿ.

ಈಗ ಬೆಂಕಿ ಮಾತು, ಇಲ್ಲಿ ಸ್ವಲ್ಪ ನಿಂತು ಓದ್ರಿ. ಇದ್ದಲಿ ಶೆಗಡಿ ಗಾಡ್ಯಾಗ ಬ್ಯಾಡ. ಕೆಂಡ ಆದ ಮ್ಯಾಲ ಹೊಗಿ ಇಲ್ಲಲ್ಲ ಅಂದ್ರೂ ಬ್ಯಾಡ, ಕಿಡಕಿ ಸ್ವಲ್ಪ ತಗದೀವಲ್ಲ ಅಂದ್ರೂ ಬ್ಯಾಡ. ಕೆಂಡದಿಂದ ಬರೋ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣ ಇಲ್ಲ, ವಾಸನಿ ಇಲ್ಲ, ಅದು ರಕ್ತದ ಹಿಮೋಗ್ಲೋಬಿನ್‌ಗೆ ಆಕ್ಸಿಜನ್‌ಗಿಂತ 200 ಪಟ್ಟು ಮ್ಯಾಲ ಗಟ್ಟಿ ಅಂಟ್ಕೋತೈತಿ. ತಲಿನೋವು, ವಾಕರಿಕಿ, ಆಮ್ಯಾಲ ಜೋಂಪು, ನಿದ್ದ್ಯಾಗ ಇದ್ದವರಿಗೆ ಅದೂ ಗೊತ್ತಾಗಂಗಿಲ್ಲ. ಅಲ್ರೀ ನಮ್ಮಜ್ಜಿ ಬಾಣಂತಿ ಖೋಲ್ಯಾಗ ಶೆಗಡಿ ಇಡ್ತಿದ್ಲು, ಯಾರಿಗೇನಾಗಿತ್ತು ಅಂತ ಕೇಳೋರು ಇರ್ತಾರ. ಆ ಮನಿಗೆ ಹಂಚು ಇತ್ತು, ಬೆಳಕಿಂಡಿ ಇತ್ತು, ಬಾಗಿಲ ಸಂದಿಯಿಂದ ಗಾಳಿ ಆಡ್ತಿತ್ತು, ವ್ಯಾನಿನ ಬಾಗಿಲಕ್ಕ ಸುತ್ತ ರಬ್ಬರ್ ಐತಿ. ಹಂಗ ನೋಡಿದ್ರ ಬಾಣಂತಿ ಖೋಲ್ಯಾಗೂ ಅದು ಸುರಕ್ಷಿತ ಏನಲ್ಲ. ಗ್ಯಾಸ್ ಒಲಿ, ಸಿಲಿಂಡರ್ ಮ್ಯಾಲ ಕೂಡೋ ಹೀಟರ್, ಇವನ್ನ ಹಚ್ಚಿ ಮಲಗೋದೂ ಅದ ಲೆಕ್ಕಕ್ಕ ಬರ್ತೈತಿ. ಇಂಜಿನ್ ಚಾಲೂ ಇಟ್ಟು ಮಲಗೋದೂ ಬ್ಯಾಡ, ಸೈಲೆನ್ಸರ್ ಬಾಯಿಗೆ ಹಿಮ ತುಂಬಿದ್ರ ಹೊಗಿ ಗಾಡಿ ಒಳಗ ಬರ್ತೈತಿ.

ಕಾರ್ಬನ್ ಮಾನಾಕ್ಸೈಡ್ ಅಲಾರಂ ಒಂದು ತಗೊಳ್ರಿ, ಹೊಗಿ ಅಲಾರಂ ಬ್ಯಾರೆ, ಇದು ಬ್ಯಾರೆ. ಡಬ್ಬಿ ಮ್ಯಾಲ ಇಎನ್ 50291-2 ಅಂತ ಇದ್ರ ಅದು ಇಂಥ ಗಾಡಿ, ಬೋಟಿಗೆ ಅಂತನ ಇರೋ ಸ್ಟ್ಯಾಂಡರ್ಡ್. ಮಲಗಿದಾಗ ತಲಿ ಬರೋ ಎತ್ತರಕ್ಕ ಹಚ್ರಿ, ಟೆಸ್ಟ್ ಬಟನ್ ಒತ್ತಿ ನೋಡ್ರಿ, ಹಿಂದ ಬರದ ಎಕ್ಸ್‌ಪೈರಿ ತಾರೀಖೂ ನೋಡ್ರಿ. ಅದು ಒದರಿದ್ರ ಮೊದ್ಲ ಎಲ್ಲಾರೂ ಹೊರಗ, ಆಮ್ಯಾಲ 108ಕ್ಕ ಫೋನ್. ಬೆರಳಿಗೆ ಹಾಕೋ ಆಕ್ಸಿಮೀಟರ್ 98 ತೋರ್ಸಾಕತ್ತೈತಿ ಅಂತ ಸಮಾಧಾನ ಆಗಬ್ಯಾಡ್ರಿ, ಅದಕ್ಕ ಈ ವಿಷಗಾಳಿಗೂ ಆಕ್ಸಿಜನ್‌ಗೂ ಫರಕ್ ತಿಳಿಯಂಗಿಲ್ಲ.

ಹಂಗಾದ್ರ ಕಾಸ್ಕೊಳ್ಳೋದು ಯಾತರಿಂದ? ಎಲ್ಲಾದಕ್ಕಿಂತ ಸೋವಿ ರಬ್ಬರ್ ಹಾಟ್ ವಾಟರ್ ಬ್ಯಾಗ್. ಕುದಿಯೋ ನೀರು ಹಾಕಬ್ಯಾಡ್ರಿ, ಮುಕ್ಕಾಲು ತುಂಬಿ, ಗಾಳಿ ಹಿಂಡಿ ತಗದು ಬಿರಡಿ ಹಾಕಿ, ಟವೆಲ್ ಸುತ್ತಿ ಕಾಲ ಕಡೆ ಇಡ್ರಿ. ಸಕ್ಕರಿ ಕಾಯಿಲಿ ಇದ್ದವರ ಕಾಲಿಗೆ ತಾಗಿಸಬ್ಯಾಡ್ರಿ, ಸುಟ್ರೂ ಗೊತ್ತಾಗಂಗಿಲ್ಲ. ಕರೆಂಟ್ ಲೆಕ್ಕನೂ ಮಾಡ್ರಿ: 50 ವ್ಯಾಟಿನ 12 ವೋಲ್ಟ್ ಬ್ಲಾಂಕೆಟ್ 4 ಆಂಪಿಯರ್‌ಗಿಂತ ಸ್ವಲ್ಪ ಮ್ಯಾಲ ಎಳೀತೈತಿ, 8 ತಾಸಿಗೆ 33 ಆಂಪಿಯರ್-ಅವರ್, 100 ಆಂಪಿಯರ್-ಅವರ್ ಬ್ಯಾಟರಿ ಆರಾಮ ತಡೀತೈತಿ. ಮನಿಯೊಳಗಿನ 2,000 ವ್ಯಾಟಿನ ರೂಮ್ ಹೀಟರ್ ಇನ್ವರ್ಟರ್‌ಗೆ ಹಚ್ಚಿದ್ರ 160 ಆಂಪಿಯರ್ ಮ್ಯಾಲ, ಒಂದು ಸಿನಿಮಾ ಮುಗಿಯೋದರೊಳಗ ಬ್ಯಾಟರಿ ಖಾಲಿ.

ಸೊನ್ನಿ ಕೆಳಗ ಭಾಳ ದಿನ ಇರೋರಿದ್ರ ಡೀಸೆಲ್ ಹೀಟರ್ ಹಾಕಿಸ್ರಿ, ಟ್ರಾವೆಲರ್‌ಗೆ 2 ಕಿಲೋವ್ಯಾಟ್ ಸಾಕು. ಇದು ಉರಿಯಾಕ ಬೇಕಾದ ಗಾಳಿ ಹೊರಗಿಂದ ತಗೊಂಡು ಹೊಗಿ ಹೊರಗ ಬಿಡ್ತೈತಿ, ನಮಗ ಬರೋದು ಬರೇ ಬಿಸಿಗಾಳಿ. ಹೊಗಿ ಪೈಪ್ ಕಿಡಕಿ, ಬಾಗಿಲ ಕೆಳಗ ಬರಬಾರ್ದು, ಗಾಳಿ ಎಳಕೊಳ್ಳೋ ಪೈಪಿನ ಬಾಯಿಂದನೂ ದೂರ ಇರ್ಲಿ, ಕ್ಲ್ಯಾಂಪ್ ಸಡಿಲ ಆಗ್ಯಾವೇನು ಅಂತ ಹೊಂಡೋಕಿಂತ ಮೊದ್ಲ ಗಾಡಿ ಕೆಳಗ ಮಲಗಿ ನೋಡ್ರಿ. ಬಂದ್ ಮಾಡಿದ ಕೂಡ್ಲೇ ಮೇನ್ ಸ್ವಿಚ್ ತಗೀಬ್ಯಾಡ್ರಿ, ಅದು ತಣ್ಣಗಾಗೋ ತನಕ ಫ್ಯಾನ್ ತಿರುಗ್ಲಿ. ಎತ್ತರದಾಗ ಗಾಳಿ ತೆಳು, ಹೀಟರ್ ಒಳಗ ಮಸಿ ಕಟ್ತೈತಿ, ಎತ್ತರಕ್ಕ ತಕ್ಕಂಗ ಹೊಂದಿಸೋ ಆಲ್ಟಿಟ್ಯೂಡ್ ಸೆಟ್ಟಿಂಗ್ ಇದ್ದದ್ದ ತಗೊಳ್ರಿ. ಇಲ್ಲಿ ತುಂಬಿಸಿದ ಡೀಸೆಲ್ ಅಲ್ಲಿ ಮೇಣದಂಗ ಗಟ್ಟಿ ಆಗಬಹುದು, ಮ್ಯಾಲ ಹತ್ತೋಕಿಂತ ಮೊದ್ಲ ಅಲ್ಲಿನ ಬಂಕಿನ್ಯಾಗ ತುಂಬಿಸ್ರಿ, ಲಡಾಖಿನ್ಯಾಗ 2019ರಿಂದ ಥಂಡಿಗೆ ಅಂತನ ವಿಂಟರ್ ಡೀಸೆಲ್ ಸಿಗ್ತೈತಿ.

ಇಷ್ಟೆಲ್ಲಾ ಹಾಕಿಸಿದ ಮ್ಯಾಲ ಒಂದ್ ರಾತ್ರಿ ಮನಿ ಮುಂದನ ಗಾಡ್ಯಾಗ ಮಲಗ್ರಿ. ಕಪ್ಪತಗುಡ್ಡದಾಗ ಗಾಳಿ ಜೋರ ಇರ್ತೈತಿ, ಟೆಸ್ಟ್ ಮಾಡೋಣು ಅಂತ ಅಲ್ಲಿಗೆ ಹೋಗಬ್ಯಾಡ್ರಿ, ಅದು ವನ್ಯಜೀವಿಧಾಮ. ಧಾರವಾಡದ ಡಿಸೆಂಬರ್ ಸಾಕು, ಹೀಟರ್ ಇಲ್ದ ಬರೇ ಹಾಸಿಗಿ, ಕಂಬಳಿ ಮ್ಯಾಲ ಬೆಳತನಕ ಎಚ್ಚರ ಆಗದ ಮಲಗಿದ್ರ ಬುಡದ ಕೆಲಸ ಬರೋಬರಿ ಆಗೇತಿ ಅಂತ ತಿಳ್ಕೊಳ್ರಿ, ಬೆನ್ನ ತಣ್ಣಗಾಗಿ ಎದ್ರ ಮತ್ತ ಫೋಮ್ ಶೀಟಿನಿಂದ ಶುರು ಮಾಡ್ರಿ.